ಬೋರಲಾಗದ ಕೊಪ್ಪರಿಗೆ

ಆ ಊರಿಗೆ ದಾರಿ ಕೇಳಿದರೆ ಹತ್ತು ಜನ ಹತ್ತು ದಿಕ್ಕಿಗೆ ಕೈ ತೋರಿಸುತ್ತಾರೆ. ತೋರಿಸಲಿ. ಊರು ಇತ್ತು, ಅದರ ಹೆಮ್ಮೆಯೂ ಇತ್ತು, ಹೆಮ್ಮೆ ಪಡುವುದಕ್ಕೆ ತಕ್ಕ ಊರೇ ಆಗಿತ್ತು ಅದು. ತಾಮ್ರ, ಹಿತ್ತಾಳೆ, ಕಂಚು ಬಡಿಯುವವರ ಊರು. ಅಲ್ಲಿ ಬಡಿದ ಕೊಡ ಮೂರು ತಲೆಮಾರು ನೀರು ಹೊತ್ತರೂ ಸೋರುತ್ತಿರಲಿಲ್ಲ. ಅಲ್ಲಿ ಮನೆಗೊಂದು ಕುಲುಮೆ ಇತ್ತು, ಆದರೆ ಮನೆಗೊಂದು ಒಲೆ ಇರಲಿಲ್ಲ. ಇದ್ದಿಲೆಲ್ಲ ಕುಲುಮೆಗೇ ಬೇಕಾಗುತ್ತಿದ್ದರಿಂದ ಇಡೀ ಊರಿಗೆ ಒಂದೇ ಒಲೆ, ಒಲೆಯ ಮೇಲೆ ಒಂದೇ ಕೊಪ್ಪರಿಗೆ, ಕೊಪ್ಪರಿಗೆಯ ಪಕ್ಕದಲ್ಲಿ ಒಬ್ಬಳೇ ಹೆಂಗಸು. ಅವಳನ್ನು ಊರವರು ಸೌಟಿನವ್ವ ಎನ್ನುತ್ತಿದ್ದರು. ಬೇರೆ ಹೆಸರೊಂದು ಇದ್ದದ್ದು ಹೌದು, ಆದರೆ ಆ ಹೆಸರು ಹಿಡಿದು ಕರೆಯುವವರಿಲ್ಲದೆ ಅವಳಿಗೂ ಮರೆತಿತ್ತು.

ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ ಅದರೊಳಗೆ ನಾಲ್ಕು ಜನ ಕೂತು ಚೌಕಾಬಾರ ಆಡಬಹುದಿತ್ತು. ಅದನ್ನು ಬಡಿದವನು ಈಗಿನ ಊರ ಹಿರಿಯನ ಅಪ್ಪ. ಅದರಲ್ಲಿ ಬೇಯುತ್ತಿದ್ದದ್ದು ಜೋಳದ ನುಚ್ಚು. ಅದರ ಜೊತೆಗೆ ಬೇಳೆ, ಸೊಪ್ಪು, ಮಜ್ಜಿಗೆ. ಸೌಟಿನವ್ವನಿಗೆ ಜಂಬದ ಮಾತು ಎರಡೇ ಇದ್ದವು. ಕೂತರೂ ಅವೇ, ನಿಂತರೂ ಅವೇ. "ನನ್ನ ಸೌಟು ಯಾರಿಗೂ ಇಲ್ಲ ಅಂದಿಲ್ಲ. ನನ್ನ ಊಟ ಯಾರ ಹೊಟ್ಟೀನೂ ಕೆಡಿಸಿಲ್ಲ."

ಆ ಊರಿನಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹೊತ್ತು ಗುಡ್ಡದ ಅಂಚು ಮುಟ್ಟಿದ ಕೂಡಲೇ ನಾಲ್ವರು ಹುಡುಗರು ಬರುತ್ತಿದ್ದರು. ಕೊಪ್ಪರಿಗೆಯ ಕಿವಿಗಳಿಗೆ ಬೊಂಬು ತೂರಿಸಿ, ಎತ್ತಿ, ಪಕ್ಕದ ಕಲ್ಲುಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಧೋಂ ಎಂದು ಒಂದು ಸದ್ದು ಏಳುತ್ತಿತ್ತು. ಅದು ಊರ ಕೊನೆಯ ಮನೆಯ ತನಕ ಹೋಗುತ್ತಿತ್ತು. ಸದ್ದು ಕೇಳಿದ ಮೇಲೆ ಯಾರೂ ತಿನ್ನುತ್ತಿರಲಿಲ್ಲ. ಕುಲುಮೆಗೆ ಗಾಳಿ ಊದುವ ತಿದಿಗಳು ನಿಲ್ಲುತ್ತಿದ್ದವು, ಸುತ್ತಿಗೆಗಳು ನಿಲ್ಲುತ್ತಿದ್ದವು, ಬಾಯಿಗಳೂ ನಿಲ್ಲುತ್ತಿದ್ದವು. ಸೌಟಿನವ್ವ ಕೊಪ್ಪರಿಗೆಯ ಬೆನ್ನನ್ನು ಮೂರು ಸಲ ತಟ್ಟುತ್ತಿದ್ದಳು. "ಉಂಡಾತು, ಉಣಿಸಿದ್ದಾತು. ಇನ್ನ ನೀನೂ ಮಲಗು, ನಾನೂ ಮಲಗತೀನಿ" ಎನ್ನುತ್ತಿದ್ದಳು. ಅವಳ ಅತ್ತೆ ಹಾಗೇ ಹೇಳುತ್ತಿದ್ದಳು, ಅತ್ತೆಯ ಅತ್ತೆಯೂ ಹಾಗೇ ಹೇಳುತ್ತಿದ್ದಳಂತೆ.

ಹೀಗಿರುವಾಗ ಊರ ಹಿರಿಯನಿಗೆ ಒಂದು ದೊಡ್ಡ ಯೋಚನೆ ಬಂತು. ಅವನು ಸಾಮಾನ್ಯ ಕೈಯವನಲ್ಲ. ಅವನು ತಿಕ್ಕಿದ ಹಿತ್ತಾಳೆಯಲ್ಲಿ ಹುಬ್ಬಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಅವನು ಊರವರನ್ನೆಲ್ಲ ಕೂಡಿಸಿಕೊಂಡು ಬಾಗಿಲಿನಷ್ಟು ಎತ್ತರದ ನಲವತ್ತು ಹಿತ್ತಾಳೆ ಕನ್ನಡಿಗಳನ್ನು ಬಡಿದ. ಗುಡ್ಡದ ನೆತ್ತಿಯಲ್ಲಿ ಅವನ್ನು ಸುತ್ತ ನಿಲ್ಲಿಸಿ, ನಡುವೆ ಒಂದು ದೀಪ ಇಟ್ಟ. ದೀಪ ಒಂದೇ, ಆದರೆ ಆ ನಲವತ್ತು ಕನ್ನಡಿಗಳು ಸೇರಿ ಅದನ್ನು ಊರ ತುಂಬ ಸುರಿದುಬಿಟ್ಟವು. ಮೊದಲ ದಿನ ಸೂರ್ಯ ಮುಳುಗಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಜನ ಕುಣಿದಾಡಿದರು. ಅಂಥ ಕೆಲಸ ಸುತ್ತ ಏಳು ಸೀಮೆಯಲ್ಲಿ ಯಾರೂ ಮಾಡಿರಲಿಲ್ಲ, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ಹಿರಿಯ ಕಟ್ಟೆ ಹತ್ತಿ ಸಾರಿದ. "ಇವತ್ತಿನಿಂದ ಈ ಊರಾಗ ಸಂಜೀ ಇಲ್ಲ."

ಅದೇ ಆ ಊರಿನ ಕಟ್ಟಳೆಯಾಯಿತು. ಯಾರೂ ನೆರಳು ಮಾಡಬಾರದು. ಬಾಗಿಲು ಕಿತ್ತು ಕುಲುಮೆಗೆ ಹಾಕಿದರು, ಕಿಟಕಿಯ ಪರದೆಗಳನ್ನು ಕೌದಿ ಹೊಲಿದರು. ಕತ್ತಲು ಎಂಬ ಮಾತನ್ನು ಬಾಯಿಗೆ ತಂದವರ ಬಾಯಿಗೆ ಬೇವಿನ ಎಲೆ. ದಿನ ಎಂಬ ಲೆಕ್ಕವೂ ಹೋಗಿ ಎಣ್ಣೆ ಎಂಬ ಲೆಕ್ಕ ಬಂತು. ದೀಪಕ್ಕೆ ಒಮ್ಮೆ ತುಂಬಿಸಿದ್ದು ಉರಿದು ಮುಗಿದರೆ ಒಂದು ಎಣ್ಣೆ. ಅಷ್ಟರಲ್ಲಿ ಹೊರಗಿನ ಲೋಕಕ್ಕೆ ಒಂದು ಹಗಲು, ಒಂದು ರಾತ್ರಿ ಆಗಿಹೋಗಿರುತ್ತಿತ್ತು. ಈ ಊರಿಗೆ ಅದರ ಗೊಡವೆ ಬೇಕಿರಲಿಲ್ಲ.

ಸಂಜೆಯೇ ಇಲ್ಲದ ಮೇಲೆ ಕೊಪ್ಪರಿಗೆ ಬೋರಲಾಗುವುದು ಯಾವಾಗ? ಹಿರಿಯನೇ ಉಳಿ ಸುತ್ತಿಗೆ ತಂದು ಅದರ ಅಂಚಿನಲ್ಲಿ ದುಂಡಗೆ ಅಕ್ಷರ ಕೊರೆದ: ಇದು ಬೋರಲಾಗದು. ಸೌಟಿನವ್ವನ ಎದೆ ಉಬ್ಬಿತು. ಇನ್ನು ಮೇಲೆ ತನ್ನ ಸೌಟು ನಿಲ್ಲುವುದೇ ಇಲ್ಲ! ಅವಳು ಗೋಡೆಗೆ ಒರಗಿಯೇ ಒಂದು ಜೊಂಪು ನಿದ್ದೆ ತೆಗೆಯುವುದನ್ನು ಕಲಿತಳು. ಯಾರು ಯಾವಾಗ ಬಟ್ಟಲು ಹಿಡಿದು ಬಂದರೂ ನುಚ್ಚು ಬಿಸಿಯಾಗಿಯೇ ಇರುತ್ತಿತ್ತು. ಕುಲುಮೆಯಿಂದ ಬಂದವನಿಗೂ ಸೌಟು, ಮಲಗಲು ಹೊರಟವನಿಗೂ ಸೌಟು, ನಿದ್ದೆ ಬಾರದೆ ಎದ್ದು ಬಂದವನಿಗೂ ಸೌಟು.

ಕೇಡು ಸಣ್ಣ ಸಣ್ಣದಾಗಿ ಬಂತು. ಒಬ್ಬನಿಗೆ ಹುಳಿತೇಗು. ಇನ್ನೊಬ್ಬಳಿಗೆ ಎದೆಯುರಿ. ಬಟ್ಟಲು ಮುಂದಿಟ್ಟುಕೊಂಡರೆ ಹಸಿವಿರುತ್ತಿರಲಿಲ್ಲ, ಅಡ್ಡಾದ ಕೂಡಲೇ ಹೊಟ್ಟೆ ಕೆರೆದು ಎಬ್ಬಿಸುತ್ತಿತ್ತು. ಉಂಡದ್ದು ಉಂಡಲ್ಲೇ ಕಲ್ಲಾಗಿ ಕೂರುತ್ತಿತ್ತು. ಬಯಲಿಗೆ ಹೋದವರು ಕೆಲವರು ಬರುತ್ತಲೇ ಇರಲಿಲ್ಲ, ಬಂದವರು ಕೆಲವರು ಮತ್ತೆ ಓಡುತ್ತಿದ್ದರು. ವೈದ್ಯ ಓಂಕಾಳು ಕೊಟ್ಟ, ಸುಂಠಿ ಕೊಟ್ಟ, ಜೀರಿಗೆ ನೀರು ಕೊಟ್ಟ. ಕೊನೆಗೆ ತನ್ನ ಹೊಟ್ಟೆಯನ್ನೇ ಹಿಡಿದುಕೊಂಡು ಕೂತ.

ಆಮೇಲೆ ಸುತ್ತಿಗೆಯ ತಾಳ ತಪ್ಪಿತು. ನಾಲ್ಕು ಜನ ಸುತ್ತ ನಿಂತು ಒಂದೇ ತಪ್ಪಲೆ ಬಡಿಯುವಾಗ ಒಬ್ಬನ ಏಟು ಇನ್ನೊಬ್ಬನ ಏಟಿನ ಬೆನ್ನಿಗೇ ಬೀಳಬೇಕು. ಈಗ ಒಬ್ಬ ಹೊಟ್ಟೆ ಹಿಡಿದು ನಿಂತರೆ ಇನ್ನೊಬ್ಬ ತೂಕಡಿಸುತ್ತಿದ್ದ. ಎಂದೂ ಇಲ್ಲದ್ದು, ಆ ಊರಿನ ಕೊಡವೊಂದು ಸೋರುತ್ತದೆ ಎಂದು ವಾಪಸು ಬಂತು. ಆ ಕೊಡವನ್ನು ನೋಡಿ ಗಂಡಸರೆಲ್ಲ ತಲೆ ತಗ್ಗಿಸಿದರು. ಹೊಟ್ಟೆನೋವನ್ನು ಅವರು ಹೇಗೋ ತಡೆದುಕೊಂಡಿದ್ದರು, ಇದನ್ನು ತಡೆದುಕೊಳ್ಳಲಾಗಲಿಲ್ಲ.

ಹಿರಿಯ ಪಂಚಾಯಿತಿ ಕೂಡಿಸಿದ. ಎಡಗೈಯನ್ನು ಪಕ್ಕೆಯ ಕೆಳಗೆ ಒತ್ತಿ ಹಿಡಿದುಕೊಂಡೇ ಕೂತಿದ್ದ. ಎಲ್ಲರಿಗಿಂತ ಹೆಚ್ಚು ಉರಿ ಅವನಿಗೇ ಇತ್ತು, ಎಲ್ಲರಿಗಿಂತ ಕಡಿಮೆ ಹೇಳಿಕೊಳ್ಳುವವನೂ ಅವನೇ.

"ಯವ್ವಾ, ಹೇಳಾಕ ನಾಲಗಿ ಬರವಲ್ದು," ಎಂದ. "ಆದ್ರ ಇಡೀ ಊರು ಉಣ್ಣೂದು ಒಂದ ಕೊಪ್ಪರಿಗ್ಯಾಗ. ಇಡೀ ಊರಿನ ಹೊಟ್ಟಿ ಕೆಟ್ಟೇತಿ. ನಿನ್ನ ಕೈಗುಣ ಹೋತು."

ಸೌಟಿನವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಅವಳ ಬದುಕಿನಲ್ಲಿ ಇದ್ದದ್ದು ಆ ಕೈಗುಣ ಒಂದೇ. ಗಂಡ ತೀರಿಹೋದಾಗಲೂ ಅವಳು ಆ ಕೈಯನ್ನು ನೆಚ್ಚಿಕೊಂಡು ಎದ್ದವಳು.

"ನನ್ನ ಕೈ ಕೆಟ್ಟಿಲ್ಲ ಕಾಕಾ. ಅದ ಜ್ವಾಳ, ಅದ ನೀರು, ಅದ ಉಪ್ಪು."

"ಹಂಗಾರ ಕಲಾಯಿ ಹೋಗಿರಬೇಕು. ಕಿಲುಬು ಕುಂತಿರಬೇಕು."

ಕಂಚುಗಾರರ ಸಭೆಯಲ್ಲಿ ಕಿಲುಬು ಎಂಬ ಮಾತು ಬಂದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳು ಸೆರಗು ಸಿಕ್ಕಿಸಿ ಎದ್ದಳು. "ತಿಕ್ಕಿ ತೋರಸತೀನಿ. ಒಂದ ಚುಕ್ಕಿ ಹಸರು ಕಂಡ್ರ ಸೌಟು ನಿಮ್ಮ ಕೈಯಾಗ ಇಡತೀನಿ. ಆದ್ರ ನೀರು ಬಸಿಯಾಕ ಬೋರಲು ಹಾಕಬೇಕಾಗತೈತಿ. ಅಪ್ಪಣಿ ಕೊಡ್ರಿ."

ಹಿರಿಯ ಅಂಚಿನ ಅಕ್ಷರಗಳ ಕಡೆ ನೋಡಿದ. ನೋಡಿ, ತಿಕ್ಕುವುದಕ್ಕೆ ಮಾತ್ರ, ಒಂದೇ ಸಲ ಎಂದು ಒಪ್ಪಿದ.

ಅವಳು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೊಪ್ಪರಿಗೆಯೊಳಗೆ ಇಳಿದಳು. ತಳದಲ್ಲಿ ಅಂಗೈ ದಪ್ಪ ಸೀದ ಹೊಪ್ಪಳೆ ಕೂತಿತ್ತು. ಸೌಟು ನಿಲ್ಲದ್ದರಿಂದ ಇಷ್ಟು ಕಾಲವೂ ಒಂದು ಬದಿ ಬೇಯುತ್ತಿರುವಾಗ ಇನ್ನೊಂದು ಬದಿ ಕೆರೆದು, ಹಾಗೇ ಹೊಸ ನುಚ್ಚು ಸುರಿಯುತ್ತಿದ್ದಳು. ಪೂರ್ತಿ ಬರಿದಾಗಲು ಅದಕ್ಕೆ ಬಿಡುವೇ ಸಿಕ್ಕಿರಲಿಲ್ಲ. ಕೆರೆದಳು, ತಿಕ್ಕಿದಳು, ಬೆರಳು ಒಡೆಯುವ ತನಕ ತಿಕ್ಕಿದಳು. ಹೊಪ್ಪಳೆ ಎದ್ದ ಮೇಲೆ ಅಡಿಯಲ್ಲಿ ಕಲಾಯಿ ಬೆಳ್ಳಗೆ ನಗುತ್ತಿತ್ತು. ಒಂದು ಚುಕ್ಕೆ ಕಿಲುಬಿರಲಿಲ್ಲ.

ಹಿಂದೆ ಮೀಸೆ ಮೂಡದೆ ಇದ್ದ ಆ ನಾಲ್ವರು ಈಗ ಮಕ್ಕಳ ತಂದೆಯರು. ಅವರೇ ಬಂದು ಬೊಂಬು ತೂರಿಸಿದರು. ಕೊಪ್ಪರಿಗೆ ಕಟ್ಟೆಯ ಮೇಲೆ ಬೋರಲಾಯಿತು. ಧೋಂ! ಎಷ್ಟೋ ಕಾಲದ ಮೇಲೆ ಕೇಳಿದ ಆ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಕಾರಣ ತಿಳಿಯದೆ ಆಕಳಿಸಿದಳು. ಗಾಳಿಯಾಡಲೆಂದು ಅಂಚಿಗೆ ಒಂದು ಗುಂಡುಕಲ್ಲು ಕೊಟ್ಟು ನಾಲ್ವರೂ ಹೋದರು. ಹನಿ ನೀರು ನಿಂತರೂ ಕಿಲುಬು ಬರುತ್ತದೆ ಎಂದು ಸೌಟಿನವ್ವ ಒಣ ಬಟ್ಟೆ ಹಿಡಿದು ಆ ಸಂದಿನಲ್ಲಿ ತೆವಳಿ ಒಳಗೆ ಹೋದಳು.

ಒಳಗೆ ಕತ್ತಲಿತ್ತು.

ಇಡೀ ಊರಿನಲ್ಲಿ ಉಳಿದಿದ್ದ ಕತ್ತಲು ಅಷ್ಟೇ, ಒಂದು ಕೊಪ್ಪರಿಗೆಯಷ್ಟು. ಅವಳು ಬಟ್ಟೆಯಾಡಿಸುವುದನ್ನು ಮರೆತು, ಬೆಳಕು ನುಸುಳುವ ಸಂದಿಗೆ ಬೆನ್ನು ಕೊಟ್ಟು ಕೂತಳು. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಕೈ ತಾನಾಗಿಯೇ ಮೇಲೆ ಹೋಗಿ ಲೋಹವನ್ನು ಮೂರು ಸಲ ತಟ್ಟಿತು. "ಉಂಡಾತು, ಉಣಿಸಿದ್ದಾತು" ಎಂದಳು. ಉಳಿದ ಮಾತು ಮುಗಿಯುವುದರೊಳಗೆ ನಿದ್ದೆ ಹೋಗಿದ್ದಳು.

ಎಚ್ಚರವಾದಾಗ ಹೊರಗೆ ಗದ್ದಲ ನಡೆದಿತ್ತು. ಆದರೆ ಅವಳ ಕಿವಿ ಇದ್ದದ್ದು ಒಳಗಿನ ಇನ್ನೊಂದು ಕರೆಗೆ. ಹೊಟ್ಟೆಯ ನಡುವಿನಿಂದ ಯಾರೋ ಮನೆಯವರೇ ಬಾಗಿಲಲ್ಲಿ ನಿಂತು ಕರೆದಂತೆ ಇತ್ತು ಅದು. ಉರಿಯಲ್ಲ, ಕೆರೆತವಲ್ಲ. ಅವಳಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಸಿವು! ಸಾವಿರ ಜನಕ್ಕೆ ಬಡಿಸಿದವಳಿಗೆ ತನ್ನ ಹಸಿವಿನ ಗುರುತೇ ಸಿಗದೆ ಹೋಗಿತ್ತಲ್ಲ ಎಂದು ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಹೊರಗೆ ಬಂದವಳು ಒಂದು ಒಣ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ ಉಂಡಳು. ಹುಳಿತೇಗಿಗಾಗಿ ಕಾದಳು. ಬರಲಿಲ್ಲ.

"ಒಂದ ಪೂರಾ ಎಣ್ಣಿ ಊರು ಉಪಾಸ ಕುಂತೈತಿ. ಒಳಗ ಏನ ಮಾಡತಿದ್ದಿ?" ಹಿರಿಯ ಗದರಿಸಿದ.

"ಮಲಗಿದ್ನಿ ಕಾಕಾ. ಕತ್ತಲದಾಗ."

ಜನ ಕಿವಿ ಮುಚ್ಚಿಕೊಂಡರು. ಒಬ್ಬ ಬೇವಿನ ಎಲೆ ತರಲು ಓಡಿದ. ಅವನು ತಂದ ಎಲೆಯನ್ನು ಅವಳು ಎಲೆಅಡಿಕೆ ಹಾಕಿಕೊಳ್ಳುವಂತೆ ಬಾಯಿಗೆ ಹಾಕಿಕೊಂಡು ಅಗಿದಳು.

"ಕಹಿ ಕಹಿ ಅನಸ್ತು. ಬಾಯಿಗೆ ರುಚಿ ಬಂದೈತಿ ಅಂತ ಅರ್ಥ," ಎಂದಳು. "ಕೈಗುಣ ಹೋಗಿಲ್ಲ, ಕಲಾಯಿ ಹೋಗಿಲ್ಲ. ಹೋಗಿದ್ದು ಸಂಜಿ. ಹೊಟ್ಟಿಗೆ ಸ್ವಂತ ಕಣ್ಣಿಲ್ಲ ಕಾಕಾ. ಅದು ನಮ್ಮ ಕಣ್ಣಿನಿಂದನ ಹೊತ್ತು ನೋಡತೈತಿ. ಹಗಲು ಅಂದ್ರ ಒಲಿ ಹೊತ್ತಸತೈತಿ, ಕತ್ತಲು ಅಂದ್ರ ಒಲಿ ಆರಿಸಿ ಪಾತ್ರಿ ತೊಳಿತೈತಿ. ನಾವು ಅದಕ್ಕ ಬರೇ ಹಗಲು ತೋರಿಸೇವಿ. ಪಾಪ, ಅದು ಯಾವಾಗ ತೊಳಕೋಬೇಕು?"

ಹಿರಿಯನ ಮುಖ ಕೆಂಪಾಯಿತು. ಗುಡ್ಡದ ಮೇಲಿನ ನಲವತ್ತು ಕನ್ನಡಿಗಳು ಅವನ ಜೀವಮಾನದ ಕೆಲಸ. ಅವುಗಳ ಮೇಲೆ ಒಬ್ಬ ಅಡುಗೆಯವಳು ಬೆರಳು ಮಾಡಿ ತೋರಿಸುವುದೆಂದರೇನು?

"ನನ್ನ ಬೆಳಕಿನಾಗ ತಪ್ಪು ಹುಡುಕತಿ?"

"ಬೆಳಕು ಚಲೋನ ಐತಿ. ನನಗೂ ಅದರ ಹೆಮ್ಮಿ ಐತಿ. ಆದ್ರ ನೀವು ಪಕ್ಕಿ ಒತ್ತಿ ಹಿಡಕೊಂಡು ಎಷ್ಟು ಎಣ್ಣಿ ಆದ್ವು?"

ಅವನು ತಟ್ಟನೆ ಕೈ ತೆಗೆದ. ತೆಗೆದ ಕೂಡಲೇ ನೋವು ಚುಚ್ಚಿ ಮತ್ತೆ ಅಲ್ಲೇ ಇಟ್ಟ. ಎಲ್ಲರೂ ನೋಡಿದರು.

ಕೊನೆಗೆ ಒಪ್ಪಂದವಾಯಿತು. ಏಳು ಎಣ್ಣೆ ಗಡುವು. ಪ್ರತಿ ಎಣ್ಣೆಯ ಅರ್ಧ ಹೊತ್ತು ಕೊಪ್ಪರಿಗೆ ಬೋರಲಾಗುವುದು, ಹಿರಿಯ ಅದರೊಳಗೆ ಮಲಗುವುದು. ಏಳನೆಯದು ಮುಗಿದಾಗ ಅವನ ಹೊಟ್ಟೆ ಸರಿಯಾಗಿರದಿದ್ದರೆ ಸೌಟಿನವ್ವ ಸೌಟು ಕೆಳಗಿಟ್ಟು ಊರು ಬಿಡುವುದು. ಅವಳು ಯೋಚಿಸದೆ ಒಪ್ಪಿದಳು. ಹಿರಿಯನೂ ಒಪ್ಪಿದ. ಅದು ಅವನ ಅಪ್ಪ ಬಡಿದ ಕೊಪ್ಪರಿಗೆ, ಅದರೊಳಗೆ ಹೋಗಲು ಅವನಿಗೇನೂ ಅವಮಾನವಿರಲಿಲ್ಲ.

ಆದರೆ ಕೊಪ್ಪರಿಗೆ ಬೋರಲಾಗಿದ್ದಾಗ ಬಟ್ಟಲು ಹಿಡಿದು ಬಂದವರಿಗೆ ಏನು ಗತಿ? ಸೌಟಿನವ್ವನಿಗೆ ಇಲ್ಲ ಎನ್ನುವುದು ಗೊತ್ತಿರಲಿಲ್ಲ. ಅವಳು ಮೊದಲೇ ರಾಶಿ ರೊಟ್ಟಿ ತಟ್ಟಿ, ಬುಟ್ಟಿ ತುಂಬಿ, ಕಟ್ಟೆಯ ಮೇಲೆ ಕೊಪ್ಪರಿಗೆಯ ಅಂಚಿಗೇ ಇಟ್ಟಳು. ಬಂದವರು ತೆಗೆದುಕೊಳ್ಳಲಿ. ಸಂದಿಗೆ ಗೋಣಿತಟ್ಟು ಇಳಿಬಿಟ್ಟು ಬೆಳಕನ್ನು ಹೊರಗಿಟ್ಟಳು.

ಹಿರಿಯ ಮೊದಲ ಸಲ ಒಳಗೆ ಹೋಗಿ ಸುತ್ತಲೂ ಕೈಯಾಡಿಸಿದ. ಆಮೇಲೆ ಒಳಗಿನಿಂದ ದನಿ ಬಂತು. "ಯವ್ವಾ, ನಮ್ಮಪ್ಪನ ಸುತ್ತಿಗಿ ಗುರುತು ಕೈಗೆ ಹತ್ತಾಕತ್ತಾವು. ಬೆಳಕಿನಾಗ ಇವು ಕಂಡಿದ್ದಿಲ್ಲ." ಆ ದನಿಯಲ್ಲಿ ಗದರಿಕೆ ಇರಲಿಲ್ಲ.

ಒಂದು ಎಣ್ಣೆ ಆಯಿತು. ನಿದ್ದೆ ಚೆನ್ನಾಗಿ ಬಂತು, ಹೊಟ್ಟೆ ಮಾತ್ರ ಹಾಗೇ ಇದೆ ಎಂದ. ಎರಡಾಯಿತು, ಮೂರಾಯಿತು. ಉರಿ ಹಾಗೇ ಇತ್ತು, ತೇಗು ಹಾಗೇ ಇತ್ತು. ಜನ ಸೌಟಿನವ್ವನನ್ನು ನೋಡಿ ಮುಖ ತಿರುಗಿಸತೊಡಗಿದರು. ಅವಳ ಗಂಟು ಕಟ್ಟಲು ಕೌದಿ ಬೇಕೇನು ಎಂದು ಒಬ್ಬಳು ಬಾಯಿಬಿಟ್ಟೇ ಕೇಳಿದಳು. ಸೌಟಿನವ್ವನ ಎದೆಯಲ್ಲಿ ಮೊದಲ ಬಾರಿ ಭಯ ಹೊಕ್ಕಿತು. ತಾನು ಹೇಳಿದ್ದೇ ಸುಳ್ಳೇ? ಕೈಗುಣ ನಿಜವಾಗಿ ಹೋಯಿತೇ?

ನಾಲ್ಕನೆಯ ಎಣ್ಣೆಗೆ ಅವಳು ಮಲಗಲಿಲ್ಲ. ಕಟ್ಟೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅರ್ಧ ಹೊತ್ತಿನ ಅರ್ಧ ಕಳೆದಿರಬೇಕು. ಗೋಣಿತಟ್ಟು ಅಲುಗಿತು. ಅದರ ಅಡಿಯಿಂದ ಒಂದು ಕೈ ಹೊರಗೆ ಬಂತು. ಬೆರಳಲ್ಲಿ ಹಿರಿಯತನದ ಕಂಚಿನ ಉಂಗುರ. ಕೈ ಕಟ್ಟೆಯ ಮೇಲೆ ತಡವರಿಸಿತು, ಬುಟ್ಟಿಯನ್ನು ಹುಡುಕಿತು, ಒಂದು ರೊಟ್ಟಿ ಎಳೆದುಕೊಂಡು ಒಳಗೆ ಹೋಯಿತು. ಕಟುಂ ಕುಟುಂ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಕೈ ಮತ್ತೆ ಬಂತು.

ಸೌಟಿನವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಊರನ್ನೆಲ್ಲ ನಡುಗಿಸುವ ಕೈ ರೊಟ್ಟಿ ಕಳ್ಳತನಕ್ಕೆ ಇಳಿದಿತ್ತಲ್ಲ! ಆದರೆ ನಗು ಅರ್ಧಕ್ಕೇ ನಿಂತಿತು. ಬುಟ್ಟಿ ಇಟ್ಟವರಾರು? ಅವಳ ಕಣ್ಣ ಮುಂದೆ ಕೊಪ್ಪರಿಗೆಯ ತಳದ ಆ ಅಂಗೈ ದಪ್ಪ ಹೊಪ್ಪಳೆ ಬಂತು. ಬರಿದಾಗಲು ಬಿಡದೆ ಮೇಲೆ ಮೇಲೆ ಸುರಿದವಳು ಅವಳೇ. ಕತ್ತಲು ಕೊಟ್ಟಳು, ಬಿಡುವು ಕೊಡಲಿಲ್ಲ. ಕನ್ನಡಿ ಹಿರಿಯನದು, ಆದರೆ ನಿಲ್ಲದ ಸೌಟು ಅವಳದು. ಇಷ್ಟು ಕಾಲ ಯಾವುದನ್ನು ತನ್ನ ಹೆಮ್ಮೆ ಎಂದುಕೊಂಡಿದ್ದಳೋ ಅದೇ ಈ ಊರಿನ ಹೊಟ್ಟೆಯ ಮೇಲೆ ಕೂತಿತ್ತು. ಹೀಗೆ ಅನ್ನಿಸಿದಾಗ ಅವಳಿಗೆ ಬಹಳ ಸಂಕಟವಾಯಿತು. ಎರಡು ಜಂಬದ ಮಾತುಗಳಲ್ಲಿ ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಉಳಿಯುವಂತಿತ್ತು.

ಅವಳು ಎದ್ದು ಬುಟ್ಟಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ನಿಂತಳು.

ಕೈ ಮತ್ತೆ ಬಂತು. ತಡವರಿಸಿತು. ಅತ್ತ ಹೋಯಿತು, ಇತ್ತ ಹೋಯಿತು. ಬರಿಯ ಕಲ್ಲು ಸಿಕ್ಕಿತು.

"ಯವ್ವಾ," ಒಳಗಿನಿಂದ ಮೆಲ್ಲಗೆ ದನಿ. "ಅಲ್ಲಿ ಅದೀ ಏನು?"

"ಅದೀನಿ ಕಾಕಾ."

"ಇಲ್ಲೊಂದು ಬುಟ್ಟಿ ಇತ್ತು."

ಅವಳು ತಲೆಯ ಮೇಲಿನ ಬುಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಗುಡ್ಡದಿಂದ ದೀಪದವನು ಇಳಿದು ಬಂದ. ದೀಪಕ್ಕೆ ಎಣ್ಣೆ ಹೊಯ್ಯುವುದು, ಕನ್ನಡಿ ಒರೆಸುವುದು ಅವನ ಕೆಲಸ. ಇಡೀ ಊರಿನಲ್ಲಿ ಬೆಳಕಿಗೆ ಎಲ್ಲರಿಗಿಂತ ಹತ್ತಿರ ಇದ್ದವನು, ಎಲ್ಲರಿಗಿಂತ ಸೊರಗಿದವನು. ಅವನ ಹಿಂದೆ ಇನ್ನೂ ಹತ್ತಾರು ಜನ ಬಟ್ಟಲು ಹಿಡಿದು ಬಂದರು, ಕಣ್ಣು ಕೆಂಪಾದವರು, ನಿದ್ದೆ ಬಾರದವರು, ಹಸಿವಿಲ್ಲದೆ ತಿನ್ನಲು ಬಂದವರು. ದೀಪದವನು ಬಟ್ಟಲು ಚಾಚಿದ.

"ಒಂದು ರೊಟ್ಟಿ ಕೊಡ ಯವ್ವಾ."

ಅವಳ ಕೈ ತಾನಾಗಿಯೇ ಬುಟ್ಟಿಯ ಕಡೆ ಹೋಯಿತು. ಅತ್ತೆ ಕಲಿಸಿದ ಕೈ ಅದು, ಚಾಚಿದ ಬಟ್ಟಲು ಕಂಡರೆ ತಡೆಯದ ಕೈ. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಬದುಕಿನಲ್ಲಿ ಒಮ್ಮೆಯೂ ಆಡದ ಮಾತು, ನಾಲಗೆ ಅದನ್ನು ಹೇಗೆ ಆಡಬೇಕೆಂದು ಹುಡುಕುತ್ತಿತ್ತು.

"ಇಲ್ಲ," ಎಂದಳು.

ಎಷ್ಟು ಸಣ್ಣ ದನಿ ಎಂದರೆ ಅವಳಿಗೇ ಕೇಳಿಸಲಿಲ್ಲ. ದೀಪದವನು ಕಿವಿ ಮುಂದೆ ತಂದ. ಅವಳು ಮತ್ತೆ ಹೇಳಿದಳು. "ಇಲ್ಲಪ್ಪಾ. ಈಗ ಇಲ್ಲ. ಕೊಪ್ಪರಿಗಿ ಒಲಿ ಏರಿದ ಮ್ಯಾಲೆ ಬಾ, ಹೊಟ್ಟಿ ತುಂಬ ಹಾಕತೀನಿ. ಇನ್ನ ನೀನೂ ಮಲಗು."

ಸೌಟಿನವ್ವನ ಬಾಯಲ್ಲಿ ಇಲ್ಲ ಎಂಬ ಮಾತು! ಜನ ಬೈದರು, ಗೊಣಗಿದರು, ಅವಳ ಗಂಡನನ್ನು ನೆನೆಸಿ ಚುಚ್ಚಿದರು. ಒಳಗಿನಿಂದ ಹಿರಿಯನೂ ಗುದ್ದಿದ, ಕೊಪ್ಪರಿಗೆ ಗಂಟೆಯಂತೆ ಮೊಳಗಿತು. ಅವಳು ಕಣ್ಣೀರು ಸುರಿಸುತ್ತಲೇ ಬುಟ್ಟಿ ಹೊತ್ತು ನಿಂತಿದ್ದಳು, ಕೆಳಗಿಳಿಸಲಿಲ್ಲ. ಕೊನೆಗೆ ಗುದ್ದು ನಿಂತಿತು. ಗೊಣಗುವವರೂ ಒಬ್ಬೊಬ್ಬರಾಗಿ ಹೋದರು. ಒಳಗಿನಿಂದ ದೀರ್ಘವಾದ ಗೊರಕೆ ಕೇಳಿಬಂತು.

ಐದನೆಯ ಎಣ್ಣೆ ಕಳೆಯಿತು, ಆರನೆಯದು ಕಳೆಯಿತು. ಪ್ರತಿ ಸಲವೂ ಅವಳು ಕಟ್ಟೆಯ ಮೇಲೆ ನಿಂತು ಇಲ್ಲ ಎಂದಳು. ಆರನೆಯದಕ್ಕೆ ಅಳಲಿಲ್ಲ. ಮಲಗಿ ಎದ್ದು ಬಂದಾಗ ಹಿರಿಯನ ಕೈ ಪಕ್ಕೆಯ ಮೇಲಿರಲಿಲ್ಲ.

ಏಳನೆಯ ಎಣ್ಣೆ ಮುಗಿಯುವ ಹೊತ್ತಿಗೆ ಇಡೀ ಊರು ಕಟ್ಟೆಯ ಸುತ್ತ ನೆರೆದಿತ್ತು. ಗೋಣಿತಟ್ಟು ಸರಿಯಿತು. ಹಿರಿಯ ತೆವಳಿಕೊಂಡು ಹೊರಗೆ ಬಂದ. ಕೂದಲಿಗೆ ಮಸಿ ಹತ್ತಿತ್ತು. ಎದ್ದು ನಿಂತು, ಎರಡೂ ಕೈಯಿಂದ ಹೊಟ್ಟೆ ಮುಟ್ಟಿಕೊಂಡು, ಏನನ್ನೋ ಆಲಿಸುವವನಂತೆ ತಲೆ ವಾಲಿಸಿದ.

"ಯವ್ವಾ, ಹಸಿವಾಗೇತಿ," ಎಂದ. ಮತ್ತೆ ಜನರ ಕಡೆ ತಿರುಗಿ, ಸಣ್ಣ ಹುಡುಗನಂತೆ ದೊಡ್ಡ ದನಿಯಲ್ಲಿ ಕೂಗಿದ. "ಕೇಳಿದ್ರೇನು? ನನಗ ಹಸಿವಾಗೇತಿ!"

ಸೌಟಿನವ್ವ ಕೊಪ್ಪರಿಗೆ ಎತ್ತಿಸಿ ಒಲೆಗೇರಿಸಿದಳು. ಹಿರಿಯ ಕಾದ. ನುಚ್ಚು ಬೇಯುವ ತನಕ, ಆ ವಾಸನೆ ಕುಡಿಯುತ್ತ, ಬಾಯಲ್ಲಿ ನೀರು ತುಂಬಿಕೊಂಡು ಕಾದ. ಮೂರು ಸೌಟು ಉಂಡ. ಉಂಡು ತೇಗಿದ. ಜನ ಹತ್ತಿರ ಬಂದು ಕೇಳಿಸಿಕೊಂಡರು, ಹುಳಿ ಇರಲಿಲ್ಲ.

"ನಿನ್ನ ಕೈಗುಣ ನಿನ್ನ ಕೈಯಾಗ ಐತಿ," ಎಂದ. "ತಪ್ಪು ನನ್ನದು."

"ಅರ್ಧ ನಂದೂ ಐತಿ ಕಾಕಾ," ಎಂದಳು ಅವಳು.

ಉಂಡ ಕೈ ತೊಳೆದು ಹಿರಿಯ ಗುಡ್ಡ ಹತ್ತಿದ. ಹಿಂದೆ ಊರೂ ಹತ್ತಿತು. ಕನ್ನಡಿಗಳನ್ನು ಅವನು ಒಡೆಯಲಿಲ್ಲ, ಕರಗಿಸಲೂ ಇಲ್ಲ. ಅಂಥ ಕೆಲಸವನ್ನು ಹಾಳು ಮಾಡುವ ಕೈ ಆ ಊರಿನಲ್ಲಿ ಹುಟ್ಟಿಲ್ಲ. ಪ್ರತಿ ಕನ್ನಡಿಗೂ ಅಡಿಯಲ್ಲಿ ಒಂದು ತಿರುಗಣಿ ಕೂರಿಸಿದರು. ಹೊತ್ತು ಇಳಿದಾಗ ಅವನ್ನು ಬಡಿದವರೇ ನಿಂತು, ನಲವತ್ತು ಕನ್ನಡಿಗಳ ಮುಖವನ್ನೂ ಆಚೆಗೆ ತಿರುಗಿಸಿದರು. ದೀಪದವನು ಬತ್ತಿಯನ್ನು ಬೆರಳಿನಿಂದ ಹೊಸಕಿ, ಅಲ್ಲೇ ಕಲ್ಲಿಗೆ ತಲೆ ಕೊಟ್ಟು ಮಲಗಿಬಿಟ್ಟ. ಅವನನ್ನು ಯಾರೂ ಎಬ್ಬಿಸಲಿಲ್ಲ.

ಜನ ಹೆದರುತ್ತ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕತ್ತಲಲ್ಲಿ ಇಳಿದು ಬಂದರು. ಮೇಲೆ ಚುಕ್ಕಿಗಳಿದ್ದವು. ಚಿಕ್ಕ ಮಕ್ಕಳು ಅವನ್ನು ಯಾರು ಬಡಿದರು ಎಂದು ಕೇಳಿದವು.

ಕೊಪ್ಪರಿಗೆಯ ಅಂಚಿನ ಅಕ್ಷರಗಳನ್ನು ಅಳಿಸುತ್ತೇನೆ ಎಂದು ಹಿರಿಯ ಉಳಿ ತಂದಿದ್ದ. ಸೌಟಿನವ್ವ ಬೇಡವೆಂದಳು. "ಇರಲಿ ಬಿಡ್ರಿ. ಮಾತು ತಪ್ಪಾದ್ರೂ ಅಕ್ಷರ ದುಂಡಗ ಅದಾವು." ನಾಲ್ವರೂ ಬೊಂಬು ತೂರಿಸಿದರು. ಇದು ಬೋರಲಾಗದು ಎಂದು ಬರೆದಿದ್ದ ಕೊಪ್ಪರಿಗೆ ಆ ಅಕ್ಷರಗಳನ್ನೇ ಅಡಿಗಿಟ್ಟುಕೊಂಡು ಕಟ್ಟೆಯ ಮೇಲೆ ಬೋರಲಾಯಿತು. ಧೋಂ ಎಂದ ಸದ್ದು ಊರ ಕೊನೆಯ ಮನೆಯ ತನಕ ಹೋಯಿತು. ಅವಳು ಬೆನ್ನು ತಟ್ಟಿದಳು, ಒಂದು, ಎರಡು, ಮೂರು.

ಅಷ್ಟರಲ್ಲಿ ಕತ್ತಲಲ್ಲಿ ಯಾರೋ ಹತ್ತಿರ ಬಂದ ಸಪ್ಪಳವಾಯಿತು. ಬಟ್ಟಲಿಗೆ ಕಂಚಿನ ಉಂಗುರ ತಾಗಿ ಟಿಣ್ ಎಂದಿತು.

"ಯವ್ವಾ," ಪಿಸುದನಿಯಲ್ಲಿ ಹಿರಿಯ ಕೇಳಿದ. "ಯಾರೂ ನೋಡಾಕತ್ತಿಲ್ಲ. ಎಲ್ಯಾರ ಒಂದ ಸೌಟು ಎತ್ತಿಟ್ಟಿ ಏನು?"

ಸೌಟಿನವ್ವ ಸೌಟನ್ನು ಹೆಗಲಿಗೇರಿಸಿದಳು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಬೀದಿಯ ಆ ತುದಿಗೂ ಕೇಳುವಂತೆ, ತನ್ನ ಅತ್ತೆಗೂ ಅತ್ತೆಯ ಅತ್ತೆಗೂ ಕೇಳುವಂತೆ, ತುಂಬಿದ ದನಿಯಲ್ಲಿ ಹೇಳಿದಳು:

"ಇಲ್ಲ."